ಮೂಲೆಗೆ ಹಚ್ಚಿದ ಅರಿಶಿನ

ನಮ್ಮ ತಾತ ಮದುವೆಯ ಕಾಗದ ಬರೆದರೆ ನಾಲ್ಕೂ ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. ಸಾವಿನ ಸುದ್ದಿಯ ಕಾರ್ಡಿಗೆ ಅರಿಶಿನವಿಲ್ಲ, ಮೇಲೆ ‘ಶ್ರೀ’ಕಾರವೂ ಇಲ್ಲ. ಪೋಸ್ಟ್‌ಮ್ಯಾನ್ ಕೈಗಿಡುವಾಗಲೇ ಒಳಗೇನಿದೆಯೆಂದು ತಿಳಿಯುತ್ತಿತ್ತು.

ಇದು ನೆನಪಾದದ್ದು ಇಲ್ಲಿ, ಶಿಕಾಗೋದ ನನ್ನ ಆಫೀಸಿನಲ್ಲಿ. ಕಂಪ್ಯೂಟರಿನವರಲ್ಲದ ಓದುಗರಿಗಾಗಿ ಎರಡು ಮಾತು. ನಾವು ಬರೆಯುವ ಪ್ರೋಗ್ರಾಮುಗಳ ಲೆಕ್ಕವಿಡುವುದು ಗಿಟ್. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರುಮಾಡಿದ್ದು. ಪ್ರತಿ ಬದಲಾವಣೆಗೂ ಒಂದು ಸಾಲಿನ ಟಿಪ್ಪಣಿ ಬರೆದು ಕಮಿಟ್ ಮಾಡಬೇಕು. ಅದರ ತಲೆಗೆ ಎಮೋಜಿ ಇಡುವ ಪದ್ಧತಿಯೊಂದಿದೆ, ಗಿಟ್‌ಮೋಜಿ ಅಂತ. ದೋಷ ತಿದ್ದಿದರೆ ಹುಳು, ಹೊಸ ಸೌಲಭ್ಯಕ್ಕೆ ಮಿನುಗು, ಏನನ್ನಾದರೂ ತೆಗೆದುಹಾಕಿದರೆ ಬೆಂಕಿ.

ಪ್ರತಿ ಸಲ ಹುಡುಕಿ ಇಡಲು ನನಗೆ ಸೋಮಾರಿತನ. ಗಿಟ್‌ನ ಹುಕ್ಸ್ ಫೋಲ್ಡರಿನಲ್ಲಿ ‘ಪ್ರಿಪೇರ್-ಕಮಿಟ್-ಎಂಎಸ್‌ಜಿ’ ಎಂಬ ಹೆಸರಿನ ಸ್ಕ್ರಿಪ್ಟ್ ಇಟ್ಟರೆ, ಕಮಿಟ್ ಆಗುವ ಮುನ್ನ ಟಿಪ್ಪಣಿ ಅದರ ಕೈಗೆ ಹೋಗುತ್ತದೆ. ಹತ್ತಾರು ಸಾಲಿನಲ್ಲಿ ಬರೆದೆ: ‘ಫಿಕ್ಸ್’ ಕಂಡರೆ ಹುಳು, ‘ಆಡ್’ ಕಂಡರೆ ಮಿನುಗು, ‘ರಿಮೂವ್’ ಕಂಡರೆ ಬೆಂಕಿ. “ಏನ್ರೀ, ಈ ವಯಸ್ಸಲ್ಲಿ ಚಿತ್ರ ಅಂಟಿಸ್ತಾ ಕೂತಿದೀರಾ?” ಎಂದು ನನ್ನಾಕೆ ನಕ್ಕಳು.

ಒಂದು ಚಳಿಗಾಲ ನಮ್ಮ ತಂಡದ ಹಿರಿಯರೊಬ್ಬರು ತೀರಿಕೊಂಡರು. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಪಕ್ಕದಲ್ಲಿ ಕೂತು ಕೆಲಸ ಕಲಿಸಿದವರು; ಹಿಮದಲ್ಲಿ ಕಾರು ಓಡಿಸುವುದನ್ನೂ ಕಲಿಸಿದವರು. ಕೆಲವು ವಾರಗಳ ನಂತರ, ಕೋಡ್ ಪರಿಶೀಲಿಸುವವರ ಪಟ್ಟಿಯಿಂದ ಅವರ ಹೆಸರು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ‘ರಿಮೂವ್’ ಎಂದು ಬರೆದು, ಮುಂದೆ ಅವರ ಹೆಸರು ಸೇರಿಸಿ, ಕಣ್ಣಾಡಿಸದೆ ಪುಶ್ ಮಾಡಿದೆ.

ಸಂಜೆ ತೆರೆದು ನೋಡಿದರೆ, ಅವರ ಹೆಸರಿದ್ದ ಸಾಲಿನ ತಲೆಯಲ್ಲಿ ಬೆಂಕಿ ಉರಿಯುತ್ತಿದೆ. ಚಿತೆಯ ಮುಂದೆ ನಿಂತವರಿಗೆ ಅದು ಹೇಗೆ ಕಾಣುತ್ತದೆಂದು ಹೇಳಬೇಕಿಲ್ಲ.

ತಿದ್ದೋಣವೆಂದರೆ, ಟಿಪ್ಪಣಿ ಬದಲಿಸಿದರೆ ಕಮಿಟ್‌ನ ಗುರುತಿನ ಸಂಖ್ಯೆಯೇ ಬದಲಾಗುತ್ತದೆ. ಅದರ ಮೇಲೆ ಆಗಲೇ ಇತರರ ಕೆಲಸ ಕೂತಿತ್ತು. ಹಾಗೇ ಉಳಿಯಿತು. ಮರುದಿನ ಎಲ್ಲರ ಮುಂದೆ ಕ್ಷಮೆ ಕೇಳಿದೆ. ಅವರೊಡನೆ ಬಹಳ ವರ್ಷ ದುಡಿದ ಹೆಂಗಸೊಬ್ಬರು, “ಅವರಿದ್ದಿದ್ದರೆ ನಕ್ಕುಬಿಡುತ್ತಿದ್ದರು” ಎಂದು ಸಮಾಧಾನ ಹೇಳಿದರು. ನನಗೆ ನಗು ಬರಲಿಲ್ಲ.

ಹುಕ್ ಈಗಲೂ ಇದೆ. ಹುಳುವನ್ನೂ ಮಿನುಗನ್ನೂ ತಾನೇ ಇಡುತ್ತದೆ. ‘ರಿಮೂವ್’ ಕಂಡರೆ ಸುಮ್ಮನಿರುತ್ತದೆ. ಅಲ್ಲಿ ಏನಿಡಬೇಕೆಂದು ನಾನೇ ನೋಡಿಕೊಳ್ಳುತ್ತೇನೆ. ಅರಿಶಿನದ ಬಟ್ಟಲಿಗೆ ಬೆರಳದ್ದುವ ಮುನ್ನ ತಾತನೂ ಕಾಗದವನ್ನು ಮತ್ತೊಮ್ಮೆ ಓದುತ್ತಿದ್ದರು.