ಕೂಡಿಕೊಳ್ಳದ ಕೊಳವೆಗಳ ಜಾಡು ಹಿಡಿದು

ಬಾಲ್ಟಿಮೋರಿಗೆ ಬಂದವರೆಲ್ಲ ಬಂದರಿನತ್ತ ನಡೆಯುತ್ತಾರೆ. ಅಲ್ಲಿ 1854ರ ಹಾಯಿ ಯುದ್ಧನೌಕೆ ನಿಂತಿದೆ, ದೊಡ್ಡ ಮತ್ಸ್ಯಾಲಯವಿದೆ, ಮಸಾಲೆ ಹಚ್ಚಿ ಬೇಯಿಸಿದ ಏಡಿಯ ಘಮವಿದೆ. ನಾನು ಮಾತ್ರ ಮೊದಲು ಹಾಪ್ಕಿನ್ಸ್ ಪ್ಲೇಸ್ ತೋರಿಸಿ ಎಂದು ಹಟ ಹಿಡಿದೆ. ಕರೆದುಕೊಂಡು ಹೋದ ಗೆಳೆಯರಿಗೆ ಸೋಜಿಗ. ವರ್ಷಗಳಿಂದ ಮೇರಿಲ್ಯಾಂಡಿನಲ್ಲೇ ಇದ್ದರೂ ಅವರು ಅಲ್ಲಿಗೆ ಹೋಗಿದ್ದು ಸಂಗೀತ ಕಾರ್ಯಕ್ರಮಕ್ಕಂತೆ. ಅಲ್ಲೊಂದು ಭಾರಿ ಒಳಾಂಗಣ ಕ್ರೀಡಾಂಗಣವಿದೆ, ಅಷ್ಟೇ. ಅದರ ಪಕ್ಕದಲ್ಲಿ ನಿಂತು, ಹಾಟ್‌ಡಾಗ್ ಮಾರುವವನ ಗಾಡಿಗೆ ಅಡ್ಡವಾಗದಂತೆ ಸರಿದುಕೊಂಡು, "ಇಲ್ಲೇ ಶುರುವಾಗಿದ್ದು" ಎಂದೆ.

1904ರ ಫೆಬ್ರವರಿ 7, ಭಾನುವಾರ. ಬೆಳಿಗ್ಗೆ ಹನ್ನೊಂದಕ್ಕೆ ಇನ್ನೂ ಕೆಲವು ನಿಮಿಷ. ಜಾನ್ ಹರ್ಸ್ಟ್ ಕಂಪನಿಯ ಬಟ್ಟೆ ಮಳಿಗೆಯಲ್ಲಿ ಕಾಣಿಸಿಕೊಂಡ ಬೆಂಕಿ ನೋಡನೋಡುತ್ತ ಅಕ್ಕಪಕ್ಕದ ಕಟ್ಟಡಗಳಿಗೆ ಹಾರಿತು. ಬೀಸುಗಾಳಿ ಬೇರೆ. ಮೂವತ್ತು ಗಂಟೆಗೂ ಮೀರಿ ಉರಿದು, ಸುಮಾರು 140 ಎಕರೆಯ ವ್ಯಾಪಾರದ ಪೇಟೆಯನ್ನು, ಸುಮಾರು 1,500 ಕಟ್ಟಡಗಳನ್ನು ಅದು ನುಂಗಿತು. 140 ಎಕರೆ ಎಂದರೆ ಓದುವಾಗ ಒಂದು ಅಂಕಿ. ನಡೆದು ನೋಡಿದರೆ ಮಾತು ನಿಲ್ಲುತ್ತದೆ. ಹಾಪ್ಕಿನ್ಸ್ ಪ್ಲೇಸಿನಿಂದ ಪೂರ್ವಕ್ಕೆ ಹೆಜ್ಜೆ ಹಾಕುತ್ತ ಹೋದೆ. ಬ್ಯಾಂಕುಗಳು, ಗಾಜಿನ ಗೋಪುರಗಳು, ಮತ್ತೆ ಬ್ಯಾಂಕುಗಳು. ಇಷ್ಟೂ ಒಂದು ಕಾಲಕ್ಕೆ ಬೂದಿ. ಬಾಲ್ಟಿಮೋರ್ ಬೀದಿಯೂ ಕ್ಯಾಲ್ವರ್ಟ್ ಬೀದಿಯೂ ಸೇರುವಲ್ಲಿ ಅಲೆಕ್ಸ್ ಬ್ರೌನ್ ಸಂಸ್ಥೆಯ ಪುಟ್ಟ ಕಟ್ಟಡವೊಂದು ಆ ಬೆಂಕಿಯಲ್ಲಿ ಉಳಿದುಕೊಂಡಿದ್ದು, ಈಗಲೂ ನಿಂತಿದೆ. ಅದರ ಕಲ್ಲನ್ನು ಮುಟ್ಟಿ ನೋಡಿದೆ. ಅಲ್ಲಿಂದಾಚೆ ಜೋನ್ಸ್ ಫಾಲ್ಸ್ ಎಂಬ ತೊರೆಯ ತನಕ ನಡೆದಾಗ ಕಾಲು ನೋಯತೊಡಗಿತ್ತು. ಅಲ್ಲಿ 37 ಉಗಿ ಎಂಜಿನ್‌ಗಳು ಸಾಲಾಗಿ ನಿಂತು ನೀರೆರಚಿ ಕೊನೆಗೂ ಬೆಂಕಿಯನ್ನು ತಡೆದವು.

ಆಗ ಸತ್ತವರು ಬಹಳ ಕಡಿಮೆ. ಹಾಗಾಗಿಯೇ ಈ ಬೆಂಕಿಯನ್ನು ಲೋಕ ಮರೆತಿರಬೇಕು. ಆದರೆ ಸುಮಾರು 35,000 ಮಂದಿ ಕೆಲಸ ಕಳೆದುಕೊಂಡರು. ಅದು ಭಾನುವಾರವಾದ್ದರಿಂದ ಅವರೆಲ್ಲ ಮನೆಯಲ್ಲಿದ್ದು ಬದುಕಿದರು. ಮರುದಿನ ಹೋಗಲು ಕೆಲಸದ ಜಾಗವೇ ಇರಲಿಲ್ಲ. ಅಂಗಡಿ ಗುಮಾಸ್ತರು, ಗೋದಾಮಿನ ಹಮಾಲರು, ಸಿದ್ಧ ಉಡುಪು ಹೊಲಿಯುವವರು. ಫೆಬ್ರವರಿಯ ಆ ಚಳಿಯಲ್ಲಿ ಕೂಲಿಯಿಲ್ಲದ ಮನೆ ಹೇಗಿದ್ದೀತೆಂದು ಊಹಿಸಿಕೊಳ್ಳಬಹುದು.

ಇಷ್ಟೇ ಆಗಿದ್ದರೆ ನಾನು ಏಡಿಯ ಅಂಗಡಿಗೇ ಹೋಗುತ್ತಿದ್ದೆನೇನೊ. ನನ್ನನ್ನು ಎಳೆದು ತಂದಿದ್ದು ಇದರ ನಡುವಿನ ಇನ್ನೊಂದು ಸಂಗತಿ. ವಾಷಿಂಗ್ಟನ್, ಫಿಲಡೆಲ್ಫಿಯ, ನ್ಯೂಯಾರ್ಕ್, ಇನ್ನೂ ಎಷ್ಟೋ ಊರುಗಳಿಂದ ಅಗ್ನಿಶಾಮಕ ದಳಗಳು ಎಂಜಿನ್, ಕುದುರೆ, ಕೊಳವೆ ಸಮೇತ ರೈಲು ಹತ್ತಿ ಓಡಿಬಂದವು. ಬಂದು ಬೀದಿಬದಿಯ ಬೆಂಕಿನಲ್ಲಿಗೆ, ಅಂದರೆ ಹೈಡ್ರಂಟಿಗೆ, ಕೊಳವೆ ಸಿಕ್ಕಿಸಲು ಹೋದರೆ ಅದು ಕೂಡಲಿಲ್ಲ! ಪಕ್ಕದ ಮನೆಯ ಕುಕ್ಕರಿನ ಮುಚ್ಚಳ ನಮ್ಮ ಕುಕ್ಕರಿಗೆ ಕೂರದ ಹಾಗೆ. ಒಂದೂರಿನ ಬಾಯಿ ಅಗಲ, ಇನ್ನೊಂದೂರಿನದು ಸಣ್ಣ. ಅಳತೆ ಒಂದೇ ಆದಲ್ಲಿ ಥ್ರೆಡ್ಡಿನ ಸುತ್ತು ಬೇರೆ. ನೀರಿತ್ತು, ಎಂಜಿನ್ ಇತ್ತು, ಗಟ್ಟಿ ಆಳುಗಳಿದ್ದರು. ಎಷ್ಟೋ ಜನ ಸುಮ್ಮನೆ ನಿಂತು ಊರು ಉರಿಯುವುದನ್ನು ನೋಡಬೇಕಾಯಿತು.

ನಗರದ ಉತ್ತರಕ್ಕೆ, ಲುಥರ್‌ವಿಲ್ ಎಂಬಲ್ಲಿ ಮೇರಿಲ್ಯಾಂಡ್ ಅಗ್ನಿಶಾಮಕ ವಸ್ತುಸಂಗ್ರಹಾಲಯವಿದೆ. ಹಿತ್ತಾಳೆ ಫಳಗುಟ್ಟುವ ಉಗಿ ಎಂಜಿನ್‌ಗಳು, ಕೈಯಿಂದ ಒತ್ತುವ ಹಳೆಯ ಪಂಪುಗಳು, ಏಣಿಬಂಡಿಗಳು. ನಮ್ಮ ತೇರಿನ ಮನೆಗೆ ಹೊಕ್ಕಾಗಿನ ಸಂಭ್ರಮವೇ ಅಲ್ಲೂ ಬಂತು. ಅದೇಕೆ ಎಲ್ಲರೂ ಒಂದೇ ಅಳತೆ ಮಾಡಿಕೊಳ್ಳಲಿಲ್ಲ ಎಂದು ಅಲ್ಲಿ ನಿಂತಾಗ ತಾನೇ ಹೊಳೆಯುತ್ತದೆ. ಒಂದೊಂದು ಊರಿಗೆ ಒಂದೊಂದು ತಯಾರಕ ಒಂದೊಂದು ಅಳತೆ ಮಾರಿದ್ದ. ತನ್ನ ಅಳತೆಗೆ ಒಮ್ಮೆ ಒಗ್ಗಿದ ಊರು ಮುಂದೆ ಬಿಡಿಭಾಗಕ್ಕೂ ತನ್ನ ಬಳಿಯೇ ಬರಬೇಕಲ್ಲ! ಫೋನಿಗೊಂದು ಬಗೆಯ ಚಾರ್ಜರ್ ಇದ್ದ ಕಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಗೊಂದಲ ಬಿಡಿಸಲು ಹೊರಟವರ ಮನೆ ನೋಡಲು ಮುಂದೆ ಗೇಥರ್ಸ್‌ಬರ್ಗಿಗೆ ಹೋದೆ. ಅದು ಬಾಲ್ಟಿಮೋರಿನ ನೈರುತ್ಯ ದಿಕ್ಕಿಗೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಇರುವುದು ಅಲ್ಲಿ. 1901ರಲ್ಲಿ ಸಂಸತ್ತು ಹಣ ಕೊಟ್ಟು ಇದನ್ನು ಹುಟ್ಟಿಸಿದಾಗ ಹೆಸರು ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್. 1988ರಲ್ಲಿ ಹೆಸರು ಬದಲಾಗಿ ನಿಸ್ಟ್ ಆಯಿತು. ಮೊದಲೇ ಅನುಮತಿ ಪಡೆದು, ಗೇಟಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಒಳಹೊಕ್ಕರೆ ಸುಮಾರು 579 ಎಕರೆ ಹುಲ್ಲುಗಾವಲು. ಜಿಂಕೆಗಳು ನಮ್ಮನ್ನು ಲೆಕ್ಕಕ್ಕೇ ಇಡದೆ ಮೇಯುತ್ತಿದ್ದವು. ನ್ಯೂಟನ್ನನ ಸೇಬಿನ ಮರದ ಸಂತತಿಯೊಂದು ಅಲ್ಲಿದೆ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಗೋಡೆ. 1948ರಲ್ಲಿ ಕಟ್ಟಿದ್ದು. 2,352 ಕಲ್ಲುಗಳು, ಅಮೆರಿಕದ 47 ರಾಜ್ಯಗಳಿಂದ ಬಂದವು, 16 ಹೊರದೇಶಗಳಿಂದ ಬಂದವು, ಒಂದರ ಪಕ್ಕ ಒಂದು. ಮಳೆ, ಹಿಮ, ಬಿಸಿಲಿಗೆ ಯಾವ ಕಲ್ಲು ಎಷ್ಟು ಸವೆಯುತ್ತದೆ ಎಂದು ನೋಡುವುದಷ್ಟೇ ಆ ಗೋಡೆಯ ಉದ್ಯೋಗ. ಯಾವ ವ್ಯಾಪಾರಿ ಇಂಥ ಗೋಡೆ ಕಟ್ಟಿ ಎಪ್ಪತ್ತು ವರ್ಷ ಕಾದಾನು? ಸರ್ಕಾರದ ದುಡ್ಡೇ ಆಗಬೇಕು.

ಸಂಸ್ಥೆ ಹುಟ್ಟುವ ಮೊದಲಿನ ಅಮೆರಿಕದ ಕಥೆ ಕೇಳಿದರೆ ನಗು ಬರುತ್ತದೆ. ಬ್ರೂಕ್ಲಿನ್ ಒಂದರಲ್ಲೇ ನಾಲ್ಕು ಬಗೆಯ ಅಡಿ ಕಾನೂನುಬದ್ಧವಾಗಿದ್ದವು. ದೇಶದಲ್ಲಿ ಎಂಟು ಬಗೆಯ ಗ್ಯಾಲನ್. ನಿಖರ ಉಪಕರಣಗಳನ್ನು ತಾಳೆ ನೋಡಲು ಜರ್ಮನಿಗೆ ಹಡಗಿನಲ್ಲಿ ಕಳಿಸುತ್ತಿದ್ದರು. ಮೊದಲ ನಿರ್ದೇಶಕ ಸ್ಯಾಮುಯೆಲ್ ಸ್ಟ್ರಾಟನ್ ಬೆರಳೆಣಿಕೆಯ ವಿಜ್ಞಾನಿಗಳೊಂದಿಗೆ ಕೆಲಸ ಆರಂಭಿಸಿ ಮೂರು ವರ್ಷವಾಗುವುದರೊಳಗೆ ಬಾಲ್ಟಿಮೋರ್ ಹೊತ್ತಿತು. ಅದೇ ವರ್ಷ ಬ್ಯೂರೊದ ಸ್ವಂತ ಆವರಣದಲ್ಲೇ ಒಂದು ಸಣ್ಣ ಬೆಂಕಿ. ಎರಡು ಕಟ್ಟಡಗಳ ಕೊಳವೆ ತಂದು ಜೋಡಿಸಲು ನೋಡಿದರೆ ಒಂದಕ್ಕೊಂದು ಕೂಡಲಿಲ್ಲ. ಮಾನಕ ಸಂಸ್ಥೆಯಲ್ಲೇ! ಆಮೇಲೆ ದೇಶದ ಮೂಲೆಮೂಲೆಯಿಂದ 600ಕ್ಕೂ ಹೆಚ್ಚು ಬಗೆಯ ಕೊಳವೆ ಬಾಯಿಗಳನ್ನು ತರಿಸಿ ಅಳೆದರು. 1905ರಲ್ಲಿ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ ಒಂದು ಅಳತೆಯನ್ನು ಒಪ್ಪಿತು. ಎರಡೂವರೆ ಅಂಗುಲದ ಕೊಳವೆಗೆ ಪ್ರತಿ ಅಂಗುಲದಲ್ಲಿ ಏಳೂವರೆ ಥ್ರೆಡ್.

ನಿಸ್ಟ್‌ನ ಮ್ಯೂಸಿಯಂನಲ್ಲಿ ಹಳೆಯ ತಕ್ಕಡಿ, ತೂಕ, ಅಳತೆಪಟ್ಟಿಗಳ ನಡುವೆ ಸುತ್ತುವಾಗ ನನಗನಿಸಿದ್ದು, ಇವುಗಳ ಹಿಂದೆಲ್ಲ ಕೂಲಿಕಾರರ ಮೈಕೈ ಇದೆ ಎಂದು. 1902ರಿಂದ 1912ರ ನಡುವೆ ಅಮೆರಿಕದಲ್ಲಿ ಹಳಿ, ಗಾಲಿ, ಅಚ್ಚು ಮುರಿದು 41,578 ಬಾರಿ ರೈಲುಗಳು ಹಳಿ ತಪ್ಪಿದ್ದವು. ಬ್ಯೂರೊದವರು ಉಕ್ಕನ್ನು ಕೊಯ್ದು, ಕಾಯಿಸಿ, ಮುರಿದು ದೋಷ ಹುಡುಕಿದರು. ಒಳ್ಳೆಯ ಉಕ್ಕು ಬಳಕೆಗೆ ಬಂದಂತೆ, 1930ರ ಹೊತ್ತಿಗೆ ಇಂಥ ಅಪಘಾತಗಳ ಪ್ರಮಾಣ ಮೂರರಲ್ಲಿ ಎರಡು ಪಾಲು ಇಳಿಯಿತು. ಗಾರ್ಡು, ಡ್ರೈವರು, ಬ್ರೇಕು ಹಾಕುವ ಹುಡುಗ, ಇವರೆಲ್ಲ ಸಂಜೆ ಮನೆಗೆ ಹೋದರು ಎಂದು ಇದರರ್ಥ. ವಿದ್ಯುತ್ ಕಂಬ ಹತ್ತುವವರ ಸಾವು ಮಾಮೂಲಾಗಿದ್ದ ಕಾಲದಲ್ಲಿ, 1913ರಲ್ಲಿ, ವಿದ್ಯುತ್ ಸುರಕ್ಷತಾ ಸಂಹಿತೆಯ ಕೆಲಸ ಕೈಗೆತ್ತಿಕೊಂಡದ್ದೂ ಇದೇ ಬ್ಯೂರೊ. ತಂತಿಗೂ ತಂತಿಗೂ ಎಷ್ಟು ಅಂತರ, ಕೆಲಸದವನು ನಿಲ್ಲಲು ಎಷ್ಟು ಜಾಗ ಎಂಬುದೆಲ್ಲ ಅದರಲ್ಲಿ ಬರೆದಾಯಿತು. 1972ರವರೆಗೆ ಅದನ್ನು ಈ ಸರ್ಕಾರಿ ಕಚೇರಿಯೇ ನೋಡಿಕೊಂಡಿತು.

ಇನ್ನು ಕಡಲೆಕಾಯಿ ಬೆಣ್ಣೆ. ಇದನ್ನು ಹೇಳದೆ ಮುಂದೆ ಹೋಗಲಾರೆ. ಈ ಸಂಸ್ಥೆ ಮೂರು ಸಣ್ಣ ಶೀಶೆ ಕಡಲೆಕಾಯಿ ಬೆಣ್ಣೆಯನ್ನು ಸಾವಿರ ಡಾಲರಿಗೂ ಮೀರಿದ ಬೆಲೆಗೆ ಮಾರುತ್ತದೆ. ತಿನ್ನಲಿಕ್ಕಲ್ಲ. ಅದರೊಳಗಿನ ಕೊಬ್ಬು, ಪ್ರೋಟೀನು, ಜೀವಸತ್ವ ಎಷ್ಟೆಂದು ಅತಿ ನಿಖರವಾಗಿ ಅಳೆದು ಪ್ರಮಾಣಪತ್ರ ಕೊಟ್ಟಿರುತ್ತಾರೆ. ಆಹಾರ ಕಾರ್ಖಾನೆಯ ಪ್ರಯೋಗಾಲಯದವನು ತನ್ನ ಯಂತ್ರಕ್ಕೆ ಇದನ್ನು ಹಾಕಿ, ಅದೇ ಅಂಕಿ ಬಂದರೆ ತನ್ನ ಯಂತ್ರ ಸರಿಯಿದೆ ಎಂದುಕೊಳ್ಳುತ್ತಾನೆ. ಇಂಥ ಸಾವಿರಕ್ಕೂ ಹೆಚ್ಚು ಮಾದರಿಗಳಿವೆ. ಮನೆಯ ಧೂಳೂ ಇದೆ, ಚರಂಡಿಯ ಕೆಸರೂ ಇದೆ, ತಿಮಿಂಗಿಲದ ಕೊಬ್ಬೂ ಇದೆ! ಈ ವಂಶದ ಹಿರಿಯಣ್ಣ ಮಾತ್ರ ಎರಕದ ಕಬ್ಬಿಣ. ಶುರುವಿನಲ್ಲಿ ಫೌಂಡ್ರಿಗಳವರ ಒತ್ತಾಯಕ್ಕೆ ಮಾಡಿಕೊಟ್ಟಿದ್ದು ಅದನ್ನೇ. ನಮ್ಮ ಬೆಳಗಾವಿಯ ಫೌಂಡ್ರಿಯವರಿಗೆ ಇದರ ಬೆಲೆ ಗೊತ್ತು. ಸ್ಪೆಕ್ಟ್ರೋಮೀಟರನ್ನು ತಾಳೆ ನೋಡಲು ನಂಬುವಂಥ ತುಣುಕಿಲ್ಲದಿದ್ದರೆ ಕರಗಿಸಿದ ಲೋಹದ ಗುಣ ಹೇಳುವವರು ಯಾರು?

ಆದರೆ ಅಮೆರಿಕದ ಪದ್ಧತಿಯಲ್ಲಿ ನನಗೆ ಹಿಡಿಸದ ಒಂದು ಮಾತಿದೆ. ಅಳೆಯುವ ವಿಜ್ಞಾನಕ್ಕೆ ಸರ್ಕಾರ ದುಡ್ಡು ಕೊಡುತ್ತದೆ. ಮಾನಕದ ಪುಸ್ತಕವನ್ನು ಬರೆಯುವುದು ಬಹುಪಾಲು ಖಾಸಗಿ ಸಂಘಗಳು. ಅವುಗಳಲ್ಲಿ ಹಲವು ಬಹುಮಟ್ಟಿಗೆ ಆ ಪುಸ್ತಕ ಮಾರಿಯೇ ಬದುಕಬೇಕು. ದೊಡ್ಡ ಕಂಪನಿ ಕೊಳ್ಳುತ್ತದೆ, ಸಮಿತಿಗೂ ತನ್ನ ಎಂಜಿನಿಯರನ್ನು ಸಂಬಳ ಕೊಟ್ಟು ಕಳಿಸುತ್ತದೆ. ನಾಲ್ಕು ಲೇತ್ ಇಟ್ಟುಕೊಂಡವನು ಆ ಮೇಜಿಗೆ ಹೇಗೆ ಬಂದಾನು? ಈ ವಿಷಯದಲ್ಲಿ ನಾವು ಬೆನ್ನು ತಟ್ಟಿಕೊಳ್ಳಬಹುದು. ಭಾರತೀಯ ಮಾನಕ ಬ್ಯೂರೊ ಈಗ ತನ್ನ ಮಾನಕಗಳನ್ನು ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಲು ಬಿಟ್ಟಿದೆ. ಪೀಣ್ಯದ ಶೆಡ್ಡಿನಲ್ಲಿ ಕೂತ ಹುಡುಗ ಮೊಬೈಲಿನಲ್ಲೇ ತೆಗೆದು ಓದಬಹುದು. ಓದುತ್ತಾನೋ ಇಲ್ಲವೋ ಅದು ಬೇರೆ ಮಾತು.

ಮಾನಕದ ಪ್ರಯೋಗಾಲಯಕ್ಕೆ ಹಾಕಿದ ಸರ್ಕಾರದ ದುಡ್ಡು ಎಲ್ಲಿ ಹೋಗಿ ಮೊಳೆಯುತ್ತದೆಂದು ಹೇಳಲಾಗುವುದಿಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ನಮ್ಮ ದೇಶದ ಕಿಲೋಗ್ರಾಂ, ಮೀಟರು, ಗಡಿಯಾರದ ಸಮಯವನ್ನು ಕಾಯುವ ಮನೆ. ಮತದಾರರ ಬೆರಳಿನ ಅಳಿಸದ ಶಾಯಿಯ ಸೂತ್ರವೂ ಅಲ್ಲಿಂದಲೇ ಬಂತು. ಅದನ್ನು 1962ರ ಚುನಾವಣೆಯಿಂದ ತಯಾರಿಸುತ್ತ ಬಂದಿರುವುದು ಮೈಸೂರಿನ ಬಣ್ಣದ ಕಾರ್ಖಾನೆ, ನಾಲ್ವಡಿಯವರ ಕಾಲದ್ದು. ಪ್ರತಿ ಚುನಾವಣೆಗೂ ಅಲ್ಲಿನ ಕಾರ್ಮಿಕರಿಗೆ ಕೈತುಂಬ ಕೆಲಸ. ಗೇಥರ್ಸ್‌ಬರ್ಗಿನಲ್ಲಿ ಇದನ್ನು ಹೇಳಿದಾಗ ನನ್ನೊಂದಿಗಿದ್ದ ಗೆಳೆಯರು ತಮ್ಮ ಎಡಗೈ ತೋರುಬೆರಳನ್ನು ಒಮ್ಮೆ ನೋಡಿಕೊಂಡರು. ಅವರು ಮತ ಹಾಕಿ ಬಹಳ ವರ್ಷಗಳಾಗಿರಬೇಕು.

ಇಷ್ಟೆಲ್ಲ ಕಂಡು ಬೆರಗಾದವನಿಗೆ ಕೊನೆಯ ಬೆರಗು ಬೇರೆ ಬಗೆಯದು. ಬಾಲ್ಟಿಮೋರ್ ಸುಟ್ಟು 87 ವರ್ಷಗಳ ಮೇಲೆ, 1991ರ ಅಕ್ಟೋಬರಿನಲ್ಲಿ, ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡ್ ಗುಡ್ಡಗಳಿಗೆ ಬೆಂಕಿ ಬಿತ್ತು. ಅಕ್ಕಪಕ್ಕದ ಊರಿನವರು ಓಡಿಬಂದರು. ಅವರ ಕೊಳವೆ ಎರಡೂವರೆ ಅಂಗುಲ, ಓಕ್‌ಲ್ಯಾಂಡಿನ ಹೈಡ್ರಂಟಿನ ಬಾಯಿ ಮೂರು ಅಂಗುಲ. 25 ಮಂದಿ ಸತ್ತರು, ಸುಮಾರು ಮೂರು ಸಾವಿರ ಮನೆಗಳು ಹೋದವು. ಗಾಳಿ, ಒಣಹವೆ, ಇಕ್ಕಟ್ಟಾದ ಬೀದಿ, ಕಾರಣಗಳು ಹಲವಿದ್ದವು, ನಿಜ. ಆ ಪಟ್ಟಿಯಲ್ಲಿ ಕೊಳವೆಯ ಬಾಯಿಯೂ ಇತ್ತು. 2004ರಲ್ಲಿ ನಿಸ್ಟ್ ತಾನೇ ಶತಮಾನದ ಲೆಕ್ಕ ತೆಗೆದಾಗ ಅಮೆರಿಕದ 48 ದೊಡ್ಡ ನಗರಗಳಲ್ಲಿ ರಾಷ್ಟ್ರೀಯ ಅಳತೆಯ ಹೈಡ್ರಂಟು ಇದ್ದದ್ದು 18ರಲ್ಲಿ ಮಾತ್ರ.

ಸರಿಯಾದ ಅಳತೆ ಯಾವುದೆಂದು ಕಂಡುಹಿಡಿಯಲು ದುಡ್ಡು ಕೊಟ್ಟ ಸರ್ಕಾರ, ಹಳೆಯ ಹಿತ್ತಾಳೆಯನ್ನು ತೆಗೆದು ಹೊಸದನ್ನು ಹಾಕಲು ದುಡ್ಡು ಕೊಡಲಿಲ್ಲ. ಆ ಬಾಬತ್ತನ್ನು ಆಯಾ ಊರಿಗೆ ಬಿಟ್ಟಿತು, ಊರು ಮುಂದಿನ ವರ್ಷಕ್ಕೆ ಬಿಟ್ಟಿತು. ಮಾನಕಕ್ಕೆ ಅರ್ಧ ದುಡ್ಡು ಕೊಡುವುದೆಂದರೆ ಕೊಡದೇ ಇದ್ದದ್ದಕ್ಕಿಂತ ಹೆಚ್ಚೇನಲ್ಲ ಎಂಬುದು ನನ್ನ ತೀರ್ಮಾನ. ಉಳಿದರ್ಧವನ್ನು ಕೊಳವೆ ಹಿಡಿದು ಮುಂದೆ ನಿಂತವನು ತೆರುತ್ತಾನೆ.

ನಮ್ಮಲ್ಲಿ ಅಗ್ನಿಶಾಮಕ ಕೊಳವೆಯ ಜೋಡಣೆಗೆ ಐಎಸ್ 903 ಎಂಬ ಮಾನಕವಿದೆ. ನಿಮ್ಮ ಅಪಾರ್ಟ್‌ಮೆಂಟಿನ, ಕಾರ್ಖಾನೆಯ, ಮಕ್ಕಳ ಶಾಲೆಯ ಗೋಡೆಯ ಮೇಲಿನ ಕೆಂಪು ಪೆಟ್ಟಿಗೆಯನ್ನು ಒಮ್ಮೆ ತೆರೆಸಿ, ಜೋಡಣೆಯ ಮೇಲೆ ಆ ಸಂಖ್ಯೆ ಇದೆಯೇ ನೋಡಿ. ಸಂಘದ ಮುಂದಿನ ಸಭೆಯಲ್ಲಿ, ಹತ್ತಿರದ ಠಾಣೆಯವರನ್ನು ಕರೆಸಿ ಅವರ ಕೊಳವೆಯನ್ನು ನಮ್ಮ ಪೈಪಿಗೆ ಜೋಡಿಸಿ ನೋಡೋಣ ಎಂದು ಹೇಳಿ. ಅದಕ್ಕೆ ಖರ್ಚಿಲ್ಲ.