ಪ್ರಶ್ನಾವಳಿ ಹಿಡಿದು ಘಟ್ಟ ಹತ್ತುವವರು

ಎಡಕುಮೇರಿ ಎಂದರೆ ಬೆಂಗಳೂರಿನ ಹುಡುಗರಿಗೆ ಹಳಿಯ ಮೇಲಿನ ಚಾರಣ ನೆನಪಾಗುತ್ತದೆ. ಹಗಲು ರೈಲಿನಲ್ಲಿ ಮಂಗಳೂರಿಗೆ ಹೋದವರಿಗೆ ಸುರಂಗ, ಸೇತುವೆ, ಕಿಟಕಿಯಾಚೆಯ ಝರಿಗಳು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಪ್ರತಿ ಐವತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ಹಾದಿ. ನನಗೆ ಮಾತ್ರ ಆ ಹೆಸರು ಕೇಳಿದಾಗಲೆಲ್ಲ ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಹಳಿಯ ಪಕ್ಕ ನಡೆಯುವ ಗ್ಯಾಂಗ್‌ಮನ್‌ಗಳು ಕಣ್ಣಿಗೆ ಬರುತ್ತಾರೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ, ಕಡಗರವಳ್ಳಿಗಳ ನಡುವೆ ಗುಡ್ಡ ಜರಿದು ಹಳಿಯ ಕೆಳಗಿನ ಮಣ್ಣೇ ಕೊಚ್ಚಿಹೋಯಿತು. ದಿನಗಟ್ಟಲೆ ರೈಲು ನಿಂತಿತು. ಅಂಥ ಜಾಗದಲ್ಲಿ ಇಡೀ ಇರುಳು ಮಣ್ಣಿನ ಸದ್ದಿಗೆ, ನೀರಿನ ಸದ್ದಿಗೆ, ಕಲ್ಲು ಉರುಳುವ ಸದ್ದಿಗೆ ಕಿವಿ ಕೊಟ್ಟು ನಡೆಯುವವನ ಮನಸ್ಸು ಹೇಗಿರುತ್ತದೆ?

ಮನಃಶಾಸ್ತ್ರಕ್ಕೆ ಇದು ಹೊಸ ಪ್ರಶ್ನೆಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರ್ ಪರದೆ ಕಾಯುವವರು ಯಾಕೆ ಸೂಚನೆಗಳನ್ನು ತಪ್ಪಿಸಿಕೊಳ್ಳುತ್ತಾರೆ ಎಂದು ಕೇಂಬ್ರಿಜ್‌ನಲ್ಲಿ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷೆ ಮಾಡಿದ. ಗಡಿಯಾರದಂಥ ಫಲಕದ ಮೇಲೆ ಮುಳ್ಳು ಒಂದೊಂದೇ ಹೆಜ್ಜೆ ಸರಿಯುತ್ತದೆ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರುತ್ತದೆ. ಆ ಜಿಗಿತವನ್ನು ಗುರುತಿಸಬೇಕು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗಮನ ಕುಸಿಯುತ್ತದೆ ಎಂದು ಅವನು 1948ರಲ್ಲಿ ಪ್ರಕಟಿಸಿದ. ಅಲ್ಲಿ ಕೋಣೆಯೊಳಗೆ ಎರಡು ಗಂಟೆ ಕೂತು ಮಾಡುವ ಪರೀಕ್ಷೆ. ಇಲ್ಲಿ ಜುಲೈ ತಿಂಗಳ ಪಶ್ಚಿಮಘಟ್ಟ. ಈ ವಿಷಯವನ್ನು ತರಗತಿಯಲ್ಲಿ ಪಾಠ ಮಾಡುವಾಗಲೆಲ್ಲ ಮುಂದಿನ ಬೆಂಚಿನಲ್ಲಿ ಕೂತವರ ಅಪ್ಪಂದಿರು, ಚಿಕ್ಕಪ್ಪಂದಿರು ನನ್ನ ನೆನಪಿಗೆ ಬರುತ್ತಿದ್ದರು. ಹಳಿ ಕಾಯುವವರು, ತೋಟ ಕಾಯುವವರು, ಗದ್ದೆಯಲ್ಲಿ ಅಟ್ಟಣೆ ಕಟ್ಟಿಕೊಂಡು ಆನೆ ಕಾಯುವವರು. ಪಠ್ಯಪುಸ್ತಕದ ಪ್ರಶ್ನೆಗೆ ಉತ್ತರ ಆ ಮಕ್ಕಳ ಮನೆಯಲ್ಲೇ ನಿದ್ದೆಗೆಟ್ಟು ಕೂತಿತ್ತು. ಅದನ್ನು ಕೇಳಿ ಬರೆದುಕೊಳ್ಳುವ ಕೆಲಸ ಮಾತ್ರ ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಹೀಗೆ ಕೂತವರಲ್ಲೊಬ್ಬಳು, ತೋಟದ ಲೈನ್‌ಮನೆಯಿಂದ ಬಂದವಳು, ಬಿಎ ಎರಡನೆಯ ವರ್ಷದಲ್ಲಿದ್ದಾಗ ನನ್ನನ್ನು ಕೇಳಿದಳು: "ಮೇಡಂ, ಸಂಶೋಧನಾ ಸಹಾಯಕಿ ಆಗಬೇಕು ಅಂದ್ರೆ ಏನು ಮಾಡಬೇಕು?" ನಾನು ವಿಚಾರಿಸತೊಡಗಿದೆ. ಸಂಬಳ ಇರುವ ಹುದ್ದೆಗಳಿಗೆ ಸ್ನಾತಕೋತ್ತರ ಪದವಿ ಬೇಕು. ಸಮಾಜವಿಜ್ಞಾನ ಸಂಶೋಧನಾ ಯೋಜನೆಗಳಲ್ಲಿ ಮನೆಮನೆ ತಿರುಗಿ ಮಾಹಿತಿ ತರುವವರಿಗೂ ಸಾಮಾನ್ಯವಾಗಿ ಅದೇ ನಿಯಮ. ಪದವಿ ಓದುತ್ತಿರುವವರಿಗೆ ಉಳಿಯುವುದು ಇಂಟರ್ನ್‌ಶಿಪ್. ಅದು ಬಹುಪಾಲು ಬೆಂಗಳೂರಿನಲ್ಲಿ, ಬಹುಪಾಲು ಸಂಬಳವಿಲ್ಲದೆ, ಕೆಲವೆಡೆ ಪ್ರಮಾಣಪತ್ರಕ್ಕೆ ನಾವೇ ದುಡ್ಡು ಕಟ್ಟಿ. ಎರಡು ತಿಂಗಳು ಪೀಜಿ ಬಾಡಿಗೆ, ಊಟ, ಮೆಟ್ರೋ ಖರ್ಚು ಸೇರಿದರೆ ಅವಳ ಅಮ್ಮ ಕಾಫಿ ಕೊಯ್ಲಿನ ಕಾಲವಿಡೀ ದುಡಿದ ಹಣ ಕರಗುತ್ತದೆ. ಸಂಬಳವಿಲ್ಲದ ಅವಕಾಶ ಎಲ್ಲರಿಗೂ ತೆರೆದಿದೆ ಎಂದು ಹೇಳುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಅದು ಬೆಂಗಳೂರಿನಲ್ಲಿ ಮನೆ ಇರುವವರನ್ನು ಮೊದಲೇ ಆರಿಸಿಬಿಟ್ಟಿರುತ್ತದೆ.

ನಡುವೆ ಒಂದು ಬಾಗಿಲು ತೆರೆದಿತ್ತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲಿ ಜಾರಿಗೆ ತಂದಾಗ ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯ ಜೊತೆ ಆನರ್ಸ್ ಪಡೆಯುವ ಹಾದಿ ಬಂತು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಬಡ ಮನೆಯ ಮಕ್ಕಳಿಗೆ ಒಂದು ವರ್ಷ ಹೆಚ್ಚು ಓದುವುದು ಹೊರೆ ಎಂಬ ಮಾತಿನಲ್ಲಿ ಸತ್ಯವಿದೆ, ಒಪ್ಪುತ್ತೇನೆ. ಆದರೆ ಆ ವರ್ಷದ ಜೊತೆಗೆ ಸಂಶೋಧನೆಯೂ ಹೊರಟುಹೋಗಬೇಕಿರಲಿಲ್ಲ.

ಸಂಶೋಧನಾ ಸಹಾಯಕರ ಕೆಲಸ ಹೊರಗಿನಿಂದ ನೋಡಿದರೆ ಸಣ್ಣದು. ಒಪ್ಪಿಗೆ ಪತ್ರ ಓದಿ ಹೇಳುವುದು, ಪ್ರಶ್ನೆ ಕೇಳುವುದು, ರೆಕಾರ್ಡ್ ಆದ ಮಾತನ್ನು ಕೇಳಿ ಕೇಳಿ ಬರಹಕ್ಕಿಳಿಸುವುದು, ಅಂಕೆಗಳನ್ನು ಕಂಪ್ಯೂಟರಿಗೆ ತುಂಬುವುದು. ಮನಃಶಾಸ್ತ್ರದ ಅಧ್ಯಯನವೊಂದು ಗಟ್ಟಿಯೋ ಟೊಳ್ಳೋ ಎನ್ನುವುದು ಬಹಳಷ್ಟು ಸಲ ತೀರ್ಮಾನವಾಗುವುದು ಇಲ್ಲೇ, ಯಾರದೋ ಜಗಲಿಯ ಮೇಲೆ.

ಆತಂಕ ಅಳೆಯಲು 2006ರಿಂದ ಲೋಕವೆಲ್ಲ ಬಳಸುತ್ತಿರುವ ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿಯನ್ನೇ ನೋಡಿ. ಕಳೆದ ಎರಡು ವಾರಗಳಲ್ಲಿ ಏನೋ ಘೋರವಾದದ್ದು ಆಗಿಬಿಡುತ್ತದೆ ಎಂಬ ಭಯ ಎಷ್ಟು ಸಲ ಕಾಡಿತು ಎಂದು ಕೊನೆಯ ಪ್ರಶ್ನೆ ಕೇಳುತ್ತದೆ. ಹೆಚ್ಚುಕಡಿಮೆ ದಿನವೂ ಎಂದರೆ ಮೂರು ಅಂಕ. ಒಟ್ಟು 21ರಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ತಪಾಸಣೆ ಬೇಕು ಎನ್ನುತ್ತಾರೆ. ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಡೆ, ಕಾಡಾನೆ ಓಡಾಡುವ ಹಾದಿಯಲ್ಲಿ, ಬೆಳಗಿನ ಮಂಜಿನಲ್ಲಿ ತೋಟದ ಕೆಲಸಕ್ಕೆ ನಡೆದುಹೋಗುವ ಹೆಂಗಸಿಗೆ ಈ ಪ್ರಶ್ನೆ ಹಾಕಿದರೆ ಅವಳು ದಿನವೂ ಎನ್ನದೆ ಇನ್ನೇನು ಹೇಳಿಯಾಳು? ಅದೇ ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ, 2023ರ ಡಿಸೆಂಬರ್ 4ರಂದು, ಎಂಟು ಸಲ ದಸರೆಯ ಅಂಬಾರಿ ಹೊತ್ತ ಆನೆ ಅರ್ಜುನನೇ ಕಾಡಾನೆಯೊಂದಿಗೆ ಕಾದಾಡಿ ಸತ್ತ. ಪಳಗಿದ, ಮಾವುತನಿದ್ದ ಆನೆಗೇ ಆ ಗತಿಯಾದ ಊರಿನಲ್ಲಿ ಬರಿಗಾಲಿನ ಹೆಂಗಸಿನ ಭಯ ಕಾಯಿಲೆಯ ಲಕ್ಷಣವೋ, ಬದುಕುಳಿಯುವ ವಿವೇಕವೋ? ದೂರದಿಂದ ಬಂದ ಸಹಾಯಕಿ ಮೂರು ಎಂದು ಗುರುತು ಹಾಕಿ ಮುಂದಿನ ಮನೆಗೆ ಹೋಗುತ್ತಾಳೆ. ಊರಿನವಳು ಆ ಮೂರರ ಪಕ್ಕದಲ್ಲಿ ಭತ್ತ ಹಾಲುಗಟ್ಟಿದ ತಿಂಗಳು ಯಾವುದು, ಕಳೆದ ವಾರ ಹಿಂಡು ಯಾವ ತೋಟದಲ್ಲಿತ್ತು ಎಂದೂ ಬರೆಯುತ್ತಾಳೆ. ಭಯಕ್ಕೆ ಕಾರಣ ಹೊರಗಿದೆಯೇ, ಕಾರಣ ಹೋದ ಮೇಲೂ ಭಯ ಉಳಿದಿದೆಯೇ ಎಂಬುದನ್ನು ಬೇರ್ಪಡಿಸಲು ಆ ಎರಡು ಸಾಲು ಬೇಕೇ ಬೇಕು.

ಈ ಭಯ ನನ್ನ ಕಲ್ಪನೆಯ ವಿಷಯವಲ್ಲ. ಆನೆ ಹಾವಳಿಯ ಕಣ್ಣಿಗೆ ಕಾಣುವ ನಷ್ಟ ದಾಖಲಾದರೂ ಮನೆಯವರ ಮಾನಸಿಕ ಸಂಕಟ, ಕುಡಿತ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದನ್ನು ಸಂಶೋಧಕರಾದ ಸುಶ್ರುತ್ ಜಾಧವ್ ಮತ್ತು ಮಾನ್ ಬರುವಾ ಅಸ್ಸಾಮಿನ ಕುಟುಂಬಗಳ ನಡುವೆ ಕೂತು 2012ರಲ್ಲಿ ಬರೆದರು. ಅದೇ ವರ್ಷ ಕರ್ನಾಟಕ ಆನೆ ಕಾರ್ಯಪಡೆಯ ವರದಿಯೂ ಬಂತು. ಆಲೂರು, ಸಕಲೇಶಪುರ ಅದರ ಮುಖ್ಯ ಚಿಂತೆಗಳಲ್ಲೊಂದು. ಆಮೇಲೆ ಇಲ್ಲಿ ಆನೆಗಳನ್ನು ಹಿಡಿದು ಸಾಗಿಸಿದರು, ರೇಡಿಯೋ ಕಾಲರ್ ತೊಡಿಸಿದರು, ಆನೆ ಹತ್ತಿರವಿದ್ದರೆ ಮೊಬೈಲಿಗೆ ಸಂದೇಶ ಕಳಿಸುವ, ರಸ್ತೆ ಬದಿ ಕೆಂಪು ದೀಪ ಮಿನುಗಿಸುವ ವ್ಯವಸ್ಥೆ ಬಂತು. ಆ ಸಂದೇಶ ಬಂದ ರಾತ್ರಿ ಜನ ನಿಶ್ಚಿಂತೆಯಿಂದ ಮಲಗುತ್ತಾರೋ, ಇನ್ನಷ್ಟು ಎಚ್ಚರವಿರುತ್ತಾರೋ? ಪದವಿ ವಿದ್ಯಾರ್ಥಿಯೊಬ್ಬಳು ಒಂದು ಕೊಯ್ಲಿನ ಅವಧಿಯಲ್ಲಿ ಉತ್ತರ ಹುಡುಕಬಹುದಾದ ಪ್ರಶ್ನೆ ಇದು.

ಕನ್ನಡ ನಾಡಿನಲ್ಲಿ ಇಂಥ ಕೆಲಸಕ್ಕೆ ಹಳೆಯ ದಾರಿಯೂ ಇದೆ. ಕಲ್ಕತ್ತದ ನಂತರ ದೇಶದ ಮೊದಲ ಕೆಲವು ಮನಃಶಾಸ್ತ್ರ ವಿಭಾಗಗಳಲ್ಲೊಂದನ್ನು ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕಟ್ಟಿದರು. 1935ರಲ್ಲಿ ಮನೆಯಿಂದಲೇ ಆಕಾಶವಾಣಿ ಬಿತ್ತರಿಸಿದವರು ಅವರೇ. ನನಗೆ ಇನ್ನೂ ಹತ್ತಿರವಾದದ್ದು ಕೋಟದ ಅಧ್ಯಯನ. ಶಿವರಾಮ ಕಾರಂತರು ಹುಟ್ಟಿದ ಆ ಕರಾವಳಿಯ ಊರಿನಲ್ಲಿ ಮನೋವೈದ್ಯರಾದ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಬ್ರಾಹ್ಮಣರು, ಬಂಟರು, ಮೊಗೇರರ ಮನೆಗಳಿಗೆ ಹೋಗಿ ಮಾನಸಿಕ ಕಷ್ಟಗಳನ್ನು ವಿಚಾರಿಸಿದರು. ವೈದ್ಯರು, ಮಂತ್ರವಾದಿಗಳು, ದೈವ ಮೈಮೇಲೆ ಬರುವ ಪಾತ್ರಿಗಳು ಇವಕ್ಕೆ ಏನು ಮಾಡುತ್ತಾರೆ ಎಂಬುದನ್ನೂ ಗೌರವದಿಂದ ಬರೆದಿಟ್ಟರು. 1976ರಲ್ಲಿ ಪುಸ್ತಕವಾಯಿತು. ವಿದೇಶದ ಪಟ್ಟಿಯನ್ನು ಹಾಗೇ ತಂದು ಹೊರಿಸದೆ, ಭಾರತದ ರೋಗಿಗಳು ತಮ್ಮ ಸಂಕಟ ಹೇಳಿಕೊಳ್ಳುವ ರೀತಿಗೆ ಒಗ್ಗುವ ಸಂದರ್ಶನ ಪಟ್ಟಿಯನ್ನು ಕಪೂರ್ ದಂಪತಿ ಮತ್ತು ಕಾರ್‌ಸ್ಟೇರ್ಸ್ ರೂಪಿಸಿದ್ದರು.

ಆದರೆ ಊರಿನವರೇ ಕೇಳಬೇಕು ಎಂದು ಹೇಳಿ ಸುಮ್ಮನಾಗುವಂತಿಲ್ಲ. ಅದರಲ್ಲೊಂದು ಅಪಾಯವಿದೆ, ನನ್ನ ವಿದ್ಯಾರ್ಥಿನಿಯೇ ಅದನ್ನು ಮೊದಲು ಎತ್ತಿದವಳು. ತರಗತಿಯ ಅಭ್ಯಾಸಕ್ಕೆಂದು ಪಕ್ಕದ ಲೈನ್‌ಮನೆಯ ಹೆಂಗಸನ್ನು ಮಾತಾಡಿಸಲು ಹೋದಾಗ ಆಕೆ ಎಲ್ಲದಕ್ಕೂ "ಏನೂ ತೊಂದ್ರೆ ಇಲ್ಲ ಮಗಾ" ಎಂದಳಂತೆ. ಗಂಡನ ಕುಡಿತ ಇಡೀ ಸಾಲಿಗೆ ಗೊತ್ತು. ನಾಳೆ ನಲ್ಲಿಯ ಹತ್ತಿರ ಸಿಗುವ ಹುಡುಗಿಯ ಕಾಗದದ ಮೇಲೆ ಅದು ಅಕ್ಷರವಾಗಿ ಕೂರುವುದು ಆಕೆಗೆ ಬೇಡ. ಬೇಡವೆನ್ನುವ ಹಕ್ಕು ಆಕೆಗಿದೆ. ಹುಡುಗಿ ಆ ಹಾಳೆಯಲ್ಲಿ ತನಗೆ ಗೊತ್ತಿದ್ದದ್ದನ್ನು ತುಂಬಲಿಲ್ಲ, ಹೇಳಿದ್ದಷ್ಟನ್ನೇ ಬರೆದು ತಂದಳು. ಹತ್ತು ಪಾಠದಲ್ಲಿ ಕಲಿಸಲಾಗದ ಸಂಶೋಧನೆಯ ನೀತಿ ಅಲ್ಲಿತ್ತು. ಅಂದಿನಿಂದ ನಾನೊಂದು ಏರ್ಪಾಟು ಹೇಳುತ್ತಾ ಬಂದಿದ್ದೇನೆ: ಹೆತ್ತೂರಿನವಳು ಆಲೂರಿಗೆ ಹೋಗಲಿ, ಆಲೂರಿನವನು ಯಸಳೂರಿಗೆ ಬರಲಿ. ಮಾತು, ಮಳೆ, ಬೆಳೆ, ಭಯ ಎಲ್ಲ ಗೊತ್ತಿರಬೇಕು. ಮನೆತನ ಮಾತ್ರ ಗೊತ್ತಿರಬಾರದು. ಜೊತೆಗೆ, ಯಾರಾದರೂ ಜೀವ ಬೇಡವೆನಿಸಿದೆ ಎಂದು ಹೇಳಿದರೆ ಆ ಕ್ಷಣ ಯಾರಿಗೆ ಫೋನ್ ಮಾಡಬೇಕು ಎನ್ನುವುದು ಸಹಾಯಕಿಗೆ ಮೊದಲ ದಿನವೇ ತಿಳಿದಿರಬೇಕು. ಇಪ್ಪತ್ತು ವರ್ಷದ ಮಕ್ಕಳನ್ನು ಬರೀ ಪ್ರಶ್ನಾವಳಿ ಕೊಟ್ಟು ದುಃಖದ ಮನೆಗಳಿಗೆ ಕಳಿಸುವುದು ತಪ್ಪು.

ಸಂಶೋಧನಾ ಮಾರ್ಗದರ್ಶಕರಿಗೆ ಪತ್ರ ಬರೆಯುವುದನ್ನು ನಾನೂ ಆ ವಿದ್ಯಾರ್ಥಿನಿಯೂ ಕೂತು ಕಲಿತೆವು. "ನನಗೊಂದು ಅವಕಾಶ ಕೊಡಿ" ಎಂದು ನೂರು ಜನ ಬರೆಯುತ್ತಾರೆ. ಮಾರ್ಗದರ್ಶಕರ ಒಂದು ಲೇಖನ ಪೂರ್ತಿ ಓದಿ, ಅದರಲ್ಲಿ ಅರ್ಥವಾಗದ ಒಂದು ಜಾಗ ಹೇಳಿ, ತನಗೆ ಬರುವ ಕೆಲಸವನ್ನು ನೇರವಾಗಿ ತಿಳಿಸಿದ ಪತ್ರಕ್ಕೆ ಉತ್ತರ ಬರುತ್ತದೆ. ಅವಳು ಬರೆದಳು: ಕನ್ನಡ ಯುನಿಕೋಡ್‌ನಲ್ಲಿ ವೇಗವಾಗಿ ಬೆರಳಚ್ಚು ಬರುತ್ತದೆ, ತುಳು ಅರ್ಥವಾಗುತ್ತದೆ, ತೋಟಕ್ಕೆ ಬಂದ ತಮಿಳು ಕಾರ್ಮಿಕರ ಜೊತೆ ಮಾತಾಡಬಲ್ಲೆ, ಉಚಿತವಾಗಿ ಸಿಗುವ ಜಮೋವಿ ತಂತ್ರಾಂಶದಲ್ಲಿ ಸರಾಸರಿ, ಸಹಸಂಬಂಧ ತೆಗೆಯಲು ಕಲಿತಿದ್ದೇನೆ. ಕಲಿತ ಕೆಲಸಗಳು ಇವು, ಸಂಬಳಕ್ಕೆ ಅರ್ಹವಾದವು. ದಿನದ ಕೂಲಿ, ಬಸ್ ಖರ್ಚು, ಪ್ರಕಟವಾದ ಲೇಖನದಲ್ಲಿ ಹೆಸರು, ಈ ಮೂರನ್ನು ಯೋಜನೆಯ ಬಜೆಟ್ಟಿನಲ್ಲೇ ಬರೆದುಕೊಳ್ಳಿ ಎಂದು ನನ್ನ ಪರಿಚಯದ ಪ್ರಾಧ್ಯಾಪಕರಿಗೆಲ್ಲ ನಾನು ಹೇಳುತ್ತಿದ್ದೇನೆ, ಹೇಳುತ್ತಲೇ ಇರುತ್ತೇನೆ.

ಅವಳಿಗೆ ಈಗ ಒಂದು ಸಣ್ಣ ಕೆಲಸ ಸಿಕ್ಕಿದೆ. ರಾತ್ರಿಪಾಳಿಯಲ್ಲಿ ಕಾವಲು ಮಾಡುವವರ ನಿದ್ದೆಯ ಬಗ್ಗೆ ಅಧ್ಯಯನ; ಗೌರವಧನವಿದೆ, ಹೆಚ್ಚೇನಲ್ಲ. ಮಳೆ ಹಿಡಿಯುವ ಮೊದಲು ಪ್ರಶ್ನಾವಳಿ ಸಿದ್ಧವಾಗಬೇಕು. ಎಷ್ಟು ಗಂಟೆಗೆ ಮಲಗುತ್ತೀರಿ ಎಂಬ ಪ್ರಶ್ನೆಯ ಮುಂದೆ ಅವಳು ಇನ್ನೊಂದನ್ನು ಸೇರಿಸಿದ್ದಾಳೆ: ನೀವು ಎಚ್ಚರವಿರುವಾಗ ಮನೆಯಲ್ಲಿ ಇನ್ನು ಯಾರು ಎಚ್ಚರವಿರುತ್ತಾರೆ? ಪಟ್ಟಿ ಉದ್ದವಾಯಿತು, ಅದನ್ನು ಕೈಬಿಡಿ ಎಂದು ಮಾರ್ಗದರ್ಶಕರು ಹೇಳಿದ್ದಾರೆ. ಉಳಿಸಿಕೊಳ್ಳಲು ಕಾರಣ ಕೊಟ್ಟು ಅವಳು ಒಂದು ಪುಟ ಬರೆದಿದ್ದಾಳೆ. ಕಳಿಸುವ ಮೊದಲು ಓದಿ ಎಂದು ನಿನ್ನೆ ನನಗೆ ಕೊಟ್ಟುಹೋದಳು. ಮೊದಲ ಕಾರಣವಾಗಿ ಅವಳು ಬರೆದಿರುವುದು ಅವಳ ಅಮ್ಮನ ನಿದ್ದೆಯನ್ನು.