ಗೋಕರ್ಣದಲ್ಲಿ ಡೇರೆಯೋ, ರೆಸಾರ್ಟೋ?

ಗೋಕರ್ಣದ ಕುಡ್ಲೆ ಮತ್ತು ಓಂ ಕಡಲತೀರಗಳಿಗೆ ಬರುವ ಪ್ರವಾಸಿಗರು ಅಗ್ಗದ ಡೇರೆ ಹಾಗೂ ದುಬಾರಿ ರೆಸಾರ್ಟುಗಳ ನಡುವೆ ತೂಗಿ ನೋಡುವಾಗ, ಹೆಚ್ಚಿನ ಹಣ ತೆತ್ತರೆ ಹೆಚ್ಚಿನ ಕಡಲು ಸಿಗುತ್ತದೆಂದು ನಂಬಿದಂತೆ ಕಾಣುತ್ತದೆ. ಆದರೆ ಉಬ್ಬರದ ನೀರು ಮುಟ್ಟುವ ಗೆರೆಗೂ ಇಳಿತದ ಗೆರೆಗೂ ನಡುವಿನ ಮರಳನ್ನು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಕಡಲಂಚಿನ ನಿರ್ಮಾಣಗಳಿಗೆ ಮಿತಿ ಹಾಕುವ ಕೇಂದ್ರ ಸರ್ಕಾರದ ನಿಯಮ, ಪ್ರತ್ಯೇಕ ವರ್ಗವಾಗಿಯೇ ಗುರುತಿಸಿದ್ದು, ಅಲ್ಲಿ ಡೇರೆಯವರೂ ರೆಸಾರ್ಟಿನವರೂ ಒಂದೇ ಅಲೆಗೆ ಕಾಲೊಡ್ಡುತ್ತಾರೆ. ಹಾಗಾದರೆ ರೆಸಾರ್ಟು ಮಾರುವುದು ಏನನ್ನು? ಉಪ್ಪುನೀರಿನಿಂದ ಜಡೆಗಟ್ಟಿದ ಕೂದಲನ್ನು ತೊಳೆಯಲು ಧಾರಾಳ ಸಿಹಿನೀರು, ಬೆಳಿಗ್ಗೆ ಸರದಿ ಕಾಯಬೇಕಿಲ್ಲದ ಶೌಚಾಲಯ, ಹಾಸಿಗೆಯಲ್ಲಿ ಮರಳಿಲ್ಲದ ನಿದ್ದೆ. ಜೊತೆಗೆ, ಸಮುದ್ರದ ಮಗ್ಗುಲಲ್ಲೇ ಕಟ್ಟಿದ ಈಜುಕೊಳವೆಂಬ ವಿಚಿತ್ರ. ದಿನದ ಬಾಡಿಗೆ 7,500 ರೂಪಾಯಿ ಮೀರಿದರೆ ಇವೆಲ್ಲದರ ಮೇಲೆ ಶೇ. 18ರಷ್ಟು ಜಿಎಸ್‌ಟಿಯೂ ಸೇರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕರಾವಳಿಯ ಮಳೆಯಲ್ಲಿ ಡೇರೆಯೋ ರೆಸಾರ್ಟೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಆಗ ಡೇರೆಯ ಬಟ್ಟೆ ಒಂದು ರಾತ್ರಿಯೂ ತಡೆಯದು. ಡಿಸೆಂಬರ್, ಜನವರಿಯ ತಂಪಿನಲ್ಲಿ ಗಟ್ಟಿ ಬೆನ್ನಿನವರಿಗೆ ಡೇರೆಯೇ ಸಾಕು. ಮಂಡಿನೋವಿನ ಹಿರಿಯರು ಅಥವಾ ಎಳೆಮಕ್ಕಳು ಜೊತೆಗಿದ್ದರೆ ರೆಸಾರ್ಟಿನ ಖರ್ಚನ್ನು ದುಂದು ಎನ್ನಲಾಗದು. ಈ ತೀರ್ಮಾನವನ್ನು ಒಪ್ಪದವರು ತಮ್ಮ ವಾದವನ್ನು ಕೆಳಗೆ ಬರೆಯಬಹುದು.